ನನ್ನ ಡ್ರೈಯರಿಗೆ ಜನ ಸಾಲದು

ಸಂಸಾರವಂದಿಗರ ಮನೆಯಲ್ಲಿ ಮಷಿನ್ ಕೆಟ್ಟರೆ ರಿಪೇರಿಯವನು ಬಂದು ಹೋಗುತ್ತಾನೆ, ಅಷ್ಟೇ. ನನ್ನಂಥ ಒಂಟಿ ಟೀಚರ ಮನೆಯಲ್ಲಿ ಕೆಟ್ಟರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಬಟ್ಟೆ ಒಣಗಿಸುವ ಈ ಡ್ರೈಯರ್ ಕೊಂಡದ್ದೂ ಒಂಟಿತನದಿಂದಲೇ. ಬೆಳಿಗ್ಗೆ ಹಾಸನದಲ್ಲಿ ಬಸ್ಸು ಹತ್ತಿ ದಂಡಿಗನಹಳ್ಳಿಯ ಸ್ಕೂಲಿಗೆ ಹೋದರೆ ವಾಪಸ್ಸು ಬರುವುದು ಸಂಜೆಗೆ. ನಡುವೆ ಮಳೆ ಬಂದರೆ ಒಣಹಾಕಿದ ಬಟ್ಟೆ ಎತ್ತಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಎರಡು ಲೋಟ ಕಾಫಿ

ಒಂದು ಭಾನುವಾರ ಡ್ರೈಯರ್ ತಿರುಗುತ್ತಾ ಧಡ್ ಧಡ್ ಎನ್ನತೊಡಗಿತು. ನಾನಿರುವುದು ಮಹಡಿಯಲ್ಲಿ, ಕೆಳಗೆ ಮನೆಯ ಓನರ್ ಗಂಡ ಹೆಂಡತಿ. ಸ್ವಲ್ಪ ಹೊತ್ತಿಗೆ ಓನರಮ್ಮ ಎರಡು ಲೋಟ ಕಾಫಿ ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಯಾರೋ ನೆಂಟ್ರು ಬಂದಂಗದೆ ಮಿಸ್? ಓಡಾಡೋ ಸದ್ದು ಕೇಳುಸ್ತು.”

“ಯಾರೂ ಇಲ್ಲ ಕಣ್ರೀ, ಡ್ರೈಯರ್ ಅದು.”

ಅವರ ಮುಖ ಸಪ್ಪಗಾಯಿತು. “ಈ ಮನೆಗ್ ಬಂದ್ ಮ್ಯಾಲೆ ಇವತ್ತಾದ್ರೂ ನಿಮ್ಗೆ ಯಾರೋ ಬಂದ್ರಲ್ಲ ಅಂತ ಖುಷಿಪಟ್ಟೆ” ಎಂದರು. ನನಗೂ ಸಂಕಟವಾಯಿತು. ತಂದ ಕಾಫಿಯನ್ನು ವಾಪಸ್ಸು ಕಳಿಸುವುದು ಸರಿಯಲ್ಲವೆಂದು ನನ್ನ ಲೋಟ ಕುಡಿದೆ, ಆಮೇಲೆ ಡ್ರೈಯರಿನ ಲೋಟವನ್ನೂ ನಾನೇ ಕುಡಿದೆ.

ಸ್ಟಾಕ್ ಇಲ್ಲ

ಆಮೇಲೆ ಇನ್ನೊಂದು ರೋಗ ಶುರುವಾಯಿತು. ಹಾಕಿದ ಐದು ನಿಮಿಷಕ್ಕೆ ಕುಯ್ ಎಂದು ನಿಲ್ಲುವುದು. ತೆಗೆದು ನೋಡಿದರೆ ಸೀರೆ ಒದ್ದೆ ಮುದ್ದೆ. ಅದನ್ನು ಕೊಂಡಿದ್ದ ಚನ್ನರಾಯಪಟ್ಟಣದ ಅಂಗಡಿಯಿಂದ ಮೆಕ್ಯಾನಿಕ್ ಬಂದ. ಬಿಚ್ಚಿದ, ಮುಚ್ಚಿದ.

“ಮನೇಲಿ ಎಷ್ಟ್ ಜನ ಮೇಡಂ?”

“ಒಬ್ಬಳೇ.”

“ಯಜಮಾನ್ರು?”

“ಇಲ್ಲ.”

“ಅಯ್ಯೋ, ಯಾವಾಗ ತೀರ್ಕಂಡ್ರು?”

“ಸಿಕ್ಕೇ ಇಲ್ಲ ಕಣಪ್ಪಾ, ತೀರ್ಕೊಳ್ಳೋದು ಎಲ್ಲಿಂದ ಬಂತು!”

ಅವನು ಕೈ ಒರೆಸಿಕೊಂಡ. “ಮಷಿನ್ ಸರ್ಯಾಗೈತೆ ಮೇಡಂ. ಇದು ತುಂಬಿದ್ ಮನೆಗ್ ಮಾಡಿರೋದು. ನಿಮ್ದು ಒಂದ್ ಸೀರೆ, ಒಂದ್ ಟವಲ್ಲು. ಉಂಡೆ ಕಟ್ಕಂಡು ಒಂದೇ ಕಡೆ ಬಡೀತದೆ. ಒಳಗಡೆ ತೇವ ನೋಡೋ ಸೆನ್ಸರ್‌ಗೆ ಬಟ್ಟೆ ತಾಕಾದೇ ಇಲ್ಲ. ಒಣಗ್ತು ಅಂದ್ಕಂಡು ನಿಂತೋಯ್ತದೆ. ಇದನ್ ಕೊಟ್ಟು ಒಬ್ಬರ್ ಸೈಜಿಂದು ತಗಳಿ. ಇಲ್ಲಾಂದ್ರೆ ಮನೆಗ್ ಜನ ತುಂಬ್ಕಳಿ.”

ಒಬ್ಬರ ಸೈಜು ಎಂಬ ಮಾತು ಎದೆಗೆ ಚುಚ್ಚಿತು. ಚಿಕ್ಕದನ್ನು ತಂದರೆ ಇನ್ನು ನನ್ನ ಬಾಳು ಇಷ್ಟೇ ಎಂದು ನಾನೇ ಒಪ್ಪಿಕೊಂಡಂತೆ. “ಜನ ನಿಮ್ಮ ಅಂಗಡೀಲಿ ಸಿಗ್ತಾರೇನಪ್ಪ?” ಎಂದು ಕೇಳಿದೆ. ಅವನು ನಿಜವಾಗಿಯೂ ಯೋಚನೆ ಮಾಡಿ, “ಸ್ಟಾಕ್ ಇಲ್ಲ ಮೇಡಂ” ಎಂದ.

ಕುರ್ಚಿಯ ಮೇಲಿನ ಶರ್ಟು

ಹೊಸದು ಕೊಳ್ಳಲು ಮನಸ್ಸಾಗದೆ ಕೆಳಗೆ ಹೋಗಿ, “ಒದ್ದೆ ಬಟ್ಟೆ ಇದ್ದರೆ ಕೊಡ್ತೀರಾ?” ಎಂದು ಓನರಮ್ಮನನ್ನು ಕೇಳಿದೆ. ಕಾಫಿಪುಡಿ, ಸಕ್ಕರೆ ಕೇಳುವವರನ್ನು ಆಕೆ ಕಂಡಿದ್ದರು, ಒದ್ದೆ ಬಟ್ಟೆ ಕೇಳಿದವಳು ನಾನೇ ಮೊದಲು. ಗಂಡನ ಶರ್ಟು, ಲುಂಗಿ, ಬನಿಯನ್ನುಗಳನ್ನೆಲ್ಲ ಬಕೆಟ್ಟಿನಲ್ಲಿ ತುಂಬಿ ಕೊಟ್ಟರು. ಮಷಿನ್ ಒಂದು ಚೂರೂ ಸದ್ದಿಲ್ಲದೆ ಓಡಿತು! ಬಿಸಿ ಬಿಸಿ ಬಟ್ಟೆ ಮಡಿಸುತ್ತಾ ಕೂತಾಗ ನನಗೆ ಬಹಳ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಇನ್ನೊಬ್ಬರ ಬಟ್ಟೆ ಮಡಿಸಿ ಎಷ್ಟು ಕಾಲವಾಗಿತ್ತೋ.

ಅಷ್ಟರಲ್ಲಿ ಅರಕಲಗೂಡಿನಿಂದ ತಮ್ಮನ ವಿಡಿಯೋ ಕಾಲ್.

“ಅಕ್ಕ, ನಿನ್ ಇಂದೆ ಕುರ್ಚಿ ಮ್ಯಾಲೆ ಗಂಡುಸ್ರ ಶರ್ಟ್ ಐತಲ್ಲ, ಯಾರ್ದು?”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. “ಅದೊಂದು ದೊಡ್ಡ ಕಥೆ ಕಣೋ, ಆಮೇಲೆ ಹೇಳ್ತೀನಿ” ಎಂದು ಎದ್ದೆ. ಹಬ್ಬಕ್ಕೆ ಕರೆದರೂ ಬಾರದವನು, ಜ್ವರ ಬಂದು ಮಲಗಿದಾಗಲೂ ಬಾರದವನು, “ಈ ಭಾನುವಾರ ಬತ್ತೀವಿ” ಎಂದ.

ಬನ್ನಿ ಬಾವ

ಹೆಂಡತಿಯ ಜೊತೆಗೆ, ಹಿರಿಯರೊಬ್ಬರು ಇರಲಿ ಎಂದು ಹೊಳೇನರಸೀಪುರದ ಚಿಕ್ಕಮ್ಮನನ್ನೂ ಹೊರಡಿಸಿಕೊಂಡು ಬಂದ. ಬಸ್‌ಸ್ಟ್ಯಾಂಡಿನಿಂದ ಬರುವಾಗ ಮಳೆಗೆ ಸಿಕ್ಕಿ ಮೂವರೂ ತೊಪ್ಪೆ. ಅವರ ಬಟ್ಟೆಯನ್ನೆಲ್ಲ ಡ್ರೈಯರಿಗೆ ಹಾಕಿದೆ. ಹೆಂಗಸರಿಗೆ ನನ್ನ ಸೀರೆ ಕೊಟ್ಟೆ, ತಮ್ಮನಿಗೆ ಇನ್ನೂ ವಾಪಸ್ಸು ಕೊಡದೆ ಉಳಿದಿದ್ದ ಓನರ್ ಲುಂಗಿಯೊಂದನ್ನು ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ನೋಡಿ, ಗಂಭೀರವಾಗಿ ಉಟ್ಟುಕೊಂಡ.

ಚಿಕ್ಕಮ್ಮ ಬಚ್ಚಲುಮನೆಗೆ ಹೋಗಿ ಬಂದು, “ಬ್ರಶ್ಶು ಒಂದೇ ಐತಲ್ಲೋ” ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ತಲೆಯಲ್ಲಿ ಏನಿದೆ ಎಂದು ನನಗೆ ಆಗ ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಬಂದ ಕೆಲಸ ಮುಗಿಯಿತೆಂದು ಹೊರಟುಬಿಡುತ್ತಾರೆ. ಉಪ್ಪಿಟ್ಟಾದರೂ ತಿನ್ನಲಿ ಎಂದುಕೊಂಡೆ.

ಆಗಲೇ ಓನರ್ ಬಾಗಿಲು ತಟ್ಟಿದರು. ತಮ್ಮ ದಡಕ್ಕನೆ ಎದ್ದು ಕೈಮುಗಿದ.

“ಬನ್ನಿ ಬಾವ, ಕೂತ್ಕಳಿ.”

ಓನರ್ ಅವನ ಸೊಂಟವನ್ನೇ ನೋಡುತ್ತಾ, “ನನ್ ಲುಂಗಿ ಇಸ್ಕಂಡ್ ಓಗನ ಅಂತ ಬಂದೆ” ಎಂದರು.

“ಕೊಡ್ತೀನಿ ಬುಡಿ ಬಾವ, ನಂದ್ ಒಣಗ್ಲಿ.”

ಚಿಕ್ಕಮ್ಮ ಸೆರಗು ಹೊದ್ದು ವಿಚಾರಣೆ ಶುರುಮಾಡಿದರು. “ಇಷ್ಟ್ ದಿನ ಎಲ್ಲಿದ್ರಪ್ಪ?”

“ಕೆಳ್ಗಡೆ.”

“ಮ್ಯಾಕ್ ಬಂದಿದೀರಲ್ಲ, ಊಟ ಮಾಡ್ಕಂಡೇ ಓಗಿ.”

“ಇಲ್ಲ ಕಣಮ್ಮ, ಹೆಂಡ್ತಿ ಕಾಯ್ತವ್ಳೆ.”

“ಅಯ್ಯಯ್ಯೋ, ಹೆಂಡ್ತಿ ಬ್ಯಾರೆ ಅವ್ಳಾ!” ಎಂದು ಚಿಕ್ಕಮ್ಮ ಎದೆ ಹಿಡಿದು ಕೂತುಬಿಟ್ಟರು.

ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಓನರ್ ಬರಿಗೈಯಲ್ಲೇ ಇಳಿದು ಹೋದರು. ತಮ್ಮ ಗಡಿಯಾರ ನೋಡಿ, “ಇಷ್ಟೇನಾ? ಬಟ್ಟೆ ಒಣಗುದ್ರೆ ಸಂಜೆ ಬಸ್‌ಗೆ ಒಂಟೋಯ್ತೀವಿ” ಎಂದ.

ಡ್ರೈಯರ್ ಸದ್ದಿಲ್ಲದೆ, ಹೊಟ್ಟೆ ತುಂಬಾ ಬಟ್ಟೆ ಹಾಕಿಕೊಂಡು ಚೆನ್ನಾಗಿಯೇ ಓಡುತ್ತಿತ್ತು. ನೋಡಿ ಬರುತ್ತೇನೆಂದು ಒಳಗೆ ಹೋದೆ. ಗೋಡೆಯ ಸ್ವಿಚ್ ಆಫ್ ಮಾಡಿ ಈಚೆಗೆ ಬಂದು, “ಮತ್ತೆ ಕೆಟ್ಟೋಯ್ತು ಕಣೋ, ಇವತ್ತು ಒಣಗಲ್ಲ” ಎಂದೆ.

“ಇಂಥ ದರಿದ್ರದ್ ಮಷಿನ್ ಯಾಕ್ ಇಟ್ಕಂಡಿದ್ದೀಯಕ್ಕ? ಬ್ಯಾರೆ ತಗಳಬಾರ್ದಾ?”

“ಇದೇ ಇರಲಿ ಬಿಡೋ” ಎಂದು ರಾತ್ರಿಗೆ ಮೂರು ಹಾಸಿಗೆ ಹಾಸಲು ಹೋದೆ.