ಬುಧವಾರದ ಕುದುರೆ

ಎಲ್ಲ ಅನರ್ಥಕ್ಕೂ ಮೂಲ ಒಂದು ಸಡಿಲವಾದ ಲಾಳ. ಅದು ಸಡಿಲವಾಗದಿದ್ದರೆ ಫಿನ್ಲೇ ಡ್ಯಾರಕ್ ಕಳೆದ ಬುಧವಾರ ಗ್ಲೆನ್‌ಹಾರ್ಗಿನ ಕಮ್ಮಾರ ಗಿಲ್‌ಕ್ರಿಸ್ಟನ ಕುಲುಮೆಯ ಮುಂದೆ ಅರ್ಧ ಗಂಟೆ ಕುಳಿತಿರುತ್ತಿರಲಿಲ್ಲ. ಕುಳಿತಿರದಿದ್ದರೆ, ಯಾರಿಗೂ ಹೇಳಬಾರದೆಂದು ಅವನು ಎದೆಯಲ್ಲಿಟ್ಟುಕೊಂಡಿದ್ದ ಸಂಗತಿ ನಾಲಿಗೆಗೆ ಜಾರುತ್ತಿರಲಿಲ್ಲ.

ನ್ಯೂಜಿಲೆಂಡಿನ ತೆಂಕಣ ತುದಿಯ ಆ ಸೀಮೆಯಲ್ಲಿ ಫಿನ್ಲೇಯನ್ನು ಅರಿಯದವರಿರಲಿಲ್ಲ. ವಸಂತ ಬಂದಿತೆಂದರೆ ಕಿಲ್ಬ್ರೈಡ್ ಎಂಬ ಬೀಜದ ಕುದುರೆಯ ಹಗ್ಗ ಹಿಡಿದು ಊರಿಂದೂರಿಗೆ ನಡೆಯುವುದು ಅವನ ವೃತ್ತಿ. ಸೋಮವಾರ ಒಂದೂರು, ಮಂಗಳವಾರ ಇನ್ನೊಂದು, ಬುಧವಾರ ಗ್ಲೆನ್‌ಹಾರ್ಗ್. ಆ ದಿನ ಹತ್ತು ಮೈಲಿ ಸುತ್ತಿನ ರೈತರು ತಮ್ಮ ಹೆಣ್ಣುಕುದುರೆಗಳನ್ನು ಹಿಡಿದುಕೊಂಡು ಬರುವರು. ಬಂದವರು ಲಾಳ ಕಟ್ಟಿಸುವರು, ಜೀನು ಹೊಲಿಸುವರು, ರೊಟ್ಟಿ ಕೊಳ್ಳುವರು, ಗಂಟಲು ನೆನೆಸಿಕೊಳ್ಳುವರು. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಊರಿಗೆ ಯುದ್ಧ ಬರುತ್ತಿತ್ತಂತೆ. ಕಿಲ್ಬ್ರೈಡನನ್ನು ಕಟ್ಟಿಹಾಕಿದ ಊರಿಗೆ ಭಾಗ್ಯ ಬರುತ್ತಿತ್ತು.

ಆದರೆ ಕಿಲ್ಬ್ರೈಡನನ್ನೂ ಅದಕ್ಕೆ ಮೊದಲು ಆ ಕುದುರೆಯ ತಂದೆಯನ್ನೂ ನಡೆಸಿ ನಡೆಸಿ ಫಿನ್ಲೇಯ ಮೊಣಕಾಲುಗಳು ಎಣ್ಣೆ ಕಾಣದ ಬಾಗಿಲುಗಳಂತೆ ಕಿರುಗುಟ್ಟುತ್ತಿದ್ದವು. ಊರ ಹೊರಗಿನ ದೊಡ್ಡ ಹಿಡುವಳಿದಾರ, ಚರ್ಚಿನ ಹಿರಿಯ, ಪಾನನಿಷೇಧ ಸಂಘದ ಅಧ್ಯಕ್ಷ ಮೆಕಾಸ್ಕಿಲ್ ಯಜಮಾನರಿಗೆ ಒಬ್ಬ ಮೇಲ್ವಿಚಾರಕ ಬೇಕಾಗಿದ್ದ. ಆ ಕೆಲಸದ ಜೊತೆಗೆ ಎರಡು ಕೋಣೆಯ ಮನೆ, ಒಂದು ಒಲೆ, ಒಲೆಯ ಪಕ್ಕದಲ್ಲಿ ಒಂದು ಕುರ್ಚಿ. ಆ ಕುರ್ಚಿ ಫಿನ್ಲೇಯ ಕನಸಿನಲ್ಲಿ ಸಿಂಹಾಸನದಂತೆ ಬಂದು ನಿಲ್ಲುತ್ತಿತ್ತು. ಯಜಮಾನರು ಒಂದೇ ನಿಬಂಧನೆ ಹಾಕಿದ್ದರು: "ಬರೋ ಬುಧವಾರ ಇಡೀ ದಿನ ನಿನ್ನ ಜೊತೆ ನಡೀತೀನಿ. ನಿನ್ನ ನಡತೆ ನೋಡಿ ಆಮೇಲೆ ಹೇಳ್ತೀನಿ."

ಇದನ್ನೇ ಅವನು ಕಮ್ಮಾರನಿಗೆ ಹೇಳಿದ್ದು.

"ನೀನು ಹೋದ್ರೆ ಈ ಕುದುರೆ ಕಥೆ?" ಎಂದಿದ್ದ ಗಿಲ್‌ಕ್ರಿಸ್ಟ್. "ಆ ವರ್ಷ ನಿನಗೆ ಜ್ವರ ಬಂದಾಗ ಇನ್ನೊಬ್ಬ ಹಗ್ಗ ಹಿಡಿದ್ನಲ್ಲ, ಇದು ಅವನನ್ನ ಹೊಳೆಗೆ ಎತ್ತಿ ಹಾಕಿ ಮನೆಗೆ ವಾಪಸ್ ಹೋಯ್ತು. ಆ ವಸಂತ ನಮಗೆ ಬುಧವಾರವೇ ಬರಲಿಲ್ಲ."

"ಯಾರಿಗೂ ಹೇಳಬೇಡ ಮಾರಾಯ."

"ಛೆ! ನನ್ನ ಬಾಯಿ ಅಂದ್ರೆ ಏನಂದ್ಕೊಂಡೆ?"

ಬುಧವಾರ ಬಂತು. ಫಿನ್ಲೇ ಗಡ್ಡ ಬಾಚಿ, ಕುದುರೆಯ ಕೇಸರಕ್ಕೆ ಕೆಂಪು ಪಟ್ಟಿ ಹೆಣೆದು, ಯಜಮಾನರೊಡನೆ ಊರು ಹೊಕ್ಕ. ಮೊದಲು ಸಿಕ್ಕಿದ್ದು ಕಾರ್ಮಡಿಯ ಪಾನಗೃಹ. ಕುದುರೆ ನಡೆಸುವವನಿಗೆ ಅಲ್ಲಿ ಒಂದು ಲೋಟ ಪುಕ್ಕಟೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಮದ್ಯ ಮುಟ್ಟದ ಫಿನ್ಲೇಗೆ ಕಾರ್ಮಡಿ ಅದರಲ್ಲಿ ತಣ್ಣನೆಯ ಚಹಾ ಕೊಡುತ್ತಿದ್ದ.

"ಬಾರಯ್ಯ ಫಿನ್ಲೇ!" ಕಾರ್ಮಡಿ ಬೀದಿಗೆಲ್ಲ ಕೇಳುವಂತೆ ಕೂಗಿದ. "ಎಂದಿನದ್ದೇ ತಾನೆ? ಅಥವಾ ಇವತ್ತೂ ಎರಡು ಲೋಟ ಬೇಕಾ?"

ಯಜಮಾನರ ಹುಬ್ಬು ಟೋಪಿಯ ಅಂಚಿನವರೆಗೆ ಏರಿತು.

"ಚಹಾ ಯಜಮಾನರೇ, ಬರೀ ಚಹಾ! ನೋಡಿ ಬೇಕಾದ್ರೆ," ಎಂದು ಫಿನ್ಲೇ ಒಂದೇ ಗುಟುಕಿಗೆ ಲೋಟ ಬರಿದು ಮಾಡಿದ. ಮರುಕ್ಷಣ ಅವನ ಕಣ್ಣುಗಳು ಹೊರಬಂದವು. ತಿದಿಯೊಳಗೆ ಕಪ್ಪೆ ಸಿಕ್ಕಿಕೊಂಡಂತೆ ಕೆಮ್ಮಿದ. ಅದು ಅಪ್ಪಟ ವಿಸ್ಕಿಯಾಗಿತ್ತು.

"ಚಹಾ ಸ್ವಲ್ಪ ಗಡುಸಾಗಿದೆ ಅಂತ ಕಾಣುತ್ತೆ," ಎಂದರು ಯಜಮಾನರು.

ಬಾಯಿ ಒರೆಸಿಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ರೊಟ್ಟಿಯಂಗಡಿಯ ವಿಧವೆ ಎಫಿ ಹಿಟ್ಟಿನ ಕೈಗಳಿಂದಲೇ ಓಡಿಬಂದಳು. ಹದಿನಾಲ್ಕು ವರ್ಷಗಳಲ್ಲಿ ಆಕೆ ಅವನೊಡನೆ ಆಡಿದ್ದು ಮಳೆಬೆಳೆಯ ಮಾತು ಮಾತ್ರ.

"ಏನ್ ಗಂಡಸಯ್ಯ ನೀನು! ಭಾನುವಾರ ಬರ್ತೀನಿ ಅಂದೆ, ಕಾದು ಕಾದು ಕೂತೆ!"

"ನಾನಾ? ಅಮ್ಮಾ, ಯಾವ ಭಾನುವಾರ?"

"ಈಗ ಅಮ್ಮ! ನಾಲ್ಕು ಜನರ ಮುಂದೆ ಅಮ್ಮ!" ಎಂದು ಬಿಸಿ ಸೇಬಿನ ಕಡುಬೊಂದನ್ನು ಅವನ ಕೋಟಿನ ಜೇಬಿಗೆ ತುರುಕಿ, ಸೆರಗಿಲ್ಲದ್ದರಿಂದ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ಒಳಗೆ ಹೋದಳು. ಜೇಬಿನಿಂದ ಪಾಕ ತೊಡೆಗಿಳಿಯಿತು. ಕಿಲ್ಬ್ರೈಡ್ ಕತ್ತು ಬಾಗಿಸಿ ಕಡುಬು ಹುಡುಕುವ ಭರದಲ್ಲಿ ಜೇಬನ್ನೇ ಕಿತ್ತಿತು.

ಯಜಮಾನರು ಊರುಗೋಲನ್ನು ನೆಲಕ್ಕೊಮ್ಮೆ ಕುಟ್ಟಿ ಮುಂದೆ ನಡೆದರು. ಅವರು ಏನಾದರೂ ಅಂದಿದ್ದರೆ ಫಿನ್ಲೇಗೆ ಎಷ್ಟೋ ವಾಸಿಯಾಗುತ್ತಿತ್ತು.

ಕುಲುಮೆಯ ಮುಂದೆ ಗಿಲ್‌ಕ್ರಿಸ್ಟ್ ಜಿಡ್ಡುಗಟ್ಟಿದ ಇಸ್ಪೀಟಿನ ಕಟ್ಟು ಹಿಡಿದು ನಿಂತಿದ್ದ. "ತಗೋ, ಹೋದ ವಾರ ಇಲ್ಲೇ ಮರೆತು ಹೋಗಿದ್ದೆ. ಇವತ್ತು ಆಟಕ್ಕೆ ಬೇಗ ಬಾ, ಎಲ್ಲರೂ ನಿನ್ನ ಕೈಗಾಗಿ ಕಾಯ್ತಿದಾರೆ."

"ಗಿಲ್‌ಕ್ರಿಸ್ಟ್! ನಿನಗೇನು ಮತಿ ಕೆಟ್ಟಿದೆಯಾ?"

"ನೋಡಿ ಯಜಮಾನರೇ, ಎಷ್ಟು ಚೆನ್ನಾಗಿ ನಟಿಸ್ತಾನೆ! ಇಸ್ಪೀಟಿನಲ್ಲೂ ಇದೇ ಮುಖ. ಯಾರಿಗೂ ಸುಳಿವು ಸಿಗಲ್ಲ."

ಪಾನ, ಸ್ತ್ರೀ, ಜೂಜು. ಶಾಸ್ತ್ರಕಾರರು ರಾಜರಿಗೆ ಎಚ್ಚರಿಸಿದ ವ್ಯಸನಗಳಲ್ಲಿ ಘನವಾದದ್ದು ಇನ್ನು ಬೇಟೆಯೊಂದೇ ಉಳಿದಿತ್ತು. ಅದನ್ನು ಜೀನು, ಜೋಡು ಹೊಲಿಯುವ ಪೆನ್‌ರೋಸ್ ಪೂರೈಸಿದ. ಅಂಗಡಿಯಿಂದ ಎರಡು ಸತ್ತ ಬಾತುಗಳನ್ನು ತೂಗಾಡಿಸುತ್ತ ಬಂದ. ಒಂದರ ಕಾಲಿಗೆ ಕೆಂಪು ದಾರ ಸುತ್ತಿತ್ತು.

"ಫಿನ್ಲೇ, ನಿನ್ನೆ ಕದ್ದು ಹೊಡೆದ್ಯಲ್ಲ, ನಿನ್ನ ಪಾಲು ತಗೊಂಡು ಹೋಗು. ಆ ಮೆಕಾಸ್ಕಿಲ್ ಮುದುಕನ ಕೆರೇಲಿ ಇನ್ನೂ..." ಎಂದವನು ಆಗ ತಾನೇ ಮುದುಕನನ್ನು ಕಂಡವನಂತೆ ನಾಲಿಗೆ ಕಚ್ಚಿಕೊಂಡ.

ಮೆಕಾಸ್ಕಿಲ್ ಯಜಮಾನರು ಬಾತುಗಳನ್ನು ನೋಡಿದರು, ಇಸ್ಪೀಟನ್ನು ನೋಡಿದರು, ಹರಿದ ಜೇಬನ್ನು ನೋಡಿದರು. ಕೊನೆಗೆ, ಗುಂಪುಗೂಡಿದ ಕುದುರೆಗಳ ನಡುವೆ ಫಿನ್ಲೇಯ ಭುಜಕ್ಕೆ ಗಲ್ಲವೂರಿ ಕುರಿಮರಿಯಂತೆ ನಿಂತಿದ್ದ ಕಿಲ್ಬ್ರೈಡನನ್ನು ಬಹಳ ಹೊತ್ತು ನೋಡಿದರು.

"ನೋಡಬೇಕಾದ್ದೆಲ್ಲ ನೋಡಿದೆ. ಆ ಕೆಲಸ ನಿನಗಲ್ಲ, ಫಿನ್ಲೇ," ಎಂದು ಹೇಳಿ ಹೊರಟೇಬಿಟ್ಟರು.

ಮಧ್ಯಾಹ್ನ ಕುದುರೆಯ ಕೆಲಸ ಮುಗಿದ ಮೇಲೆ ಫಿನ್ಲೇ ನೀರಿನ ತೊಟ್ಟಿಯ ಅಂಚಿನಲ್ಲಿ ಕುಳಿತ. ಒಲೆ ಆರಿತು, ಕುರ್ಚಿ ಕರಗಿತು. ಆಗ ನಾಲ್ವರೂ ತಲೆ ತಗ್ಗಿಸಿಕೊಂಡು ಬಂದರು. ಪೆನ್‌ರೋಸನ ಕಂಕುಳಲ್ಲಿ ಕಾಗದದ ಪೊಟ್ಟಣವಿತ್ತು.

"ಹೊಡೆಯೋದಾದ್ರೆ ನನ್ನ ಮೊದಲು ಹೊಡಿ," ಎಂದ ಗಿಲ್‌ಕ್ರಿಸ್ಟ್. "ನಾನೇ ಎಲ್ಲರಿಗೂ ಹೇಳಿದ್ದು. ನೀನು ಹೋದ್ರೆ ಕುದುರೆ ಬರಲ್ಲ, ಕುದುರೆ ಬರದಿದ್ರೆ ಈ ಊರಿನ ಒಲೆ ಉರಿಯಲ್ಲ."

"ನನ್ನ ಗಂಡ ತೀರಿಕೊಂಡ ವರ್ಷ ಅಂಗಡಿ ಮುಚ್ಚಬೇಕು ಅಂತಿದ್ದೆ," ಎಂದಳು ಎಫಿ. "ನಿನ್ನ ಬುಧವಾರದಿಂದ ಉಳೀತು. ಉಪಕಾರ ಮಾಡಿದವನ ಹೆಸರು ಕೆಡಿಸಿದೆ, ದೇವರು ಕ್ಷಮಿಸಲಿ. ಆದ್ರೆ ಬೇರೆ ದಾರಿ ತೋಚಲಿಲ್ಲಯ್ಯ."

"ಉಪಕಾರ ಸ್ಮರಣೆ ಅಂದ್ರೆ ಇದೇನಾ? ಈಗಲೇ ಹೋಗಿ ಯಜಮಾನರಿಗೆ ನಿಜ ಹೇಳ್ತೀನಿ. ಅವರು ನ್ಯಾಯವಂತರು!" ಎಂದು ಫಿನ್ಲೇ ಎದ್ದ.

"ಹೇಳೋದು ಬೇಡ." ಮರೆತ ಊರುಗೋಲಿಗಾಗಿ ಮರಳಿಬಂದಿದ್ದ ಮೆಕಾಸ್ಕಿಲ್ ಯಜಮಾನರು ಹಿಂದೆಯೇ ನಿಂತಿದ್ದರು. "ನನಗೆ ಮೊದಲನೇ ಬಾಗಿಲಲ್ಲೇ ಗೊತ್ತಾಯ್ತು. ಅಭ್ಯಾಸ ಇರೋನು ಹಾಗೆ ಕೆಮ್ಮಲ್ಲ. ಆ ಕೆಂಪು ದಾರ ಪೆನ್‌ರೋಸನ ಹೆಂಡತಿ ತನ್ನ ಬಾತುಗಳಿಗೆ ಕಟ್ಟೋದು."

ಫಿನ್ಲೇಯ ಮುಖದಲ್ಲಿ ಒಲೆ ಮತ್ತೆ ಹೊತ್ತಿಕೊಂಡಿತು. "ಹಾಗಾದ್ರೆ ಆ ಕೆಲಸ, ಯಜಮಾನರೇ?"

ಯಜಮಾನರು ಟೋಪಿ ತೆಗೆದರು. "ಮಗೂ, ನನ್ನ ಲಾಯದಲ್ಲಿ ಹನ್ನೊಂದು ಹೆಣ್ಣುಕುದುರೆ ಇವೆ. ನೀನು ಹಗ್ಗ ಬಿಟ್ರೆ ಅವಕ್ಕೂ ಈ ಕುದುರೆ ಸಿಗಲ್ಲ. ಇವರೆಲ್ಲ ಬಾಯಿಬಿಡೋವರೆಗೂ ನನಗದು ನೆನಪೇ ಇರಲಿಲ್ಲ. ನಾನು ದೇವರಿಗೆ ಅಂಜೋನು, ಸುಳ್ಳು ಹೇಳಲಾರೆ. ಅದಕ್ಕೇ ಇವರು ಹೇಳಿದ ಸುಳ್ಳನ್ನ ಕೃತಜ್ಞತೆಯಿಂದ ಕೇಳಿಸಿಕೊಂಡೆ."

ಪೆನ್‌ರೋಸ್ ಮೆಲ್ಲಗೆ ಪೊಟ್ಟಣ ಬಿಚ್ಚಿದ. ದಪ್ಪ ಅಟ್ಟೆಯ, ಒಳಗೆ ಕುರಿಯುಣ್ಣೆ ಹಾಸಿದ ಹೊಸ ಬೂಟುಗಳು. "ನಾವು ನಾಲ್ಕು ಜನ ದುಡ್ಡು ಹಾಕಿದ್ದು, ಹೊಲಿದದ್ದು ನಾನು. ಅಳತೆ ಕೇಳೋ ಹಾಗಿರಲಿಲ್ಲ. ಕುಲುಮೆ ಮುಂದಿನ ಕೆಸರಲ್ಲಿ ಕುದುರೆ ಹೆಜ್ಜೆ ಪಕ್ಕ ನಿನ್ನ ಹೆಜ್ಜೆ ಇತ್ತಲ್ಲ, ಅದನ್ನೇ ತಗೊಂಡೆ."

ಫಿನ್ಲೇ ಬೈಯಲು ಬಾಯಿ ತೆರೆದ. ಹದಿನಾಲ್ಕು ವರ್ಷ ತಾನು ನಡೆದದ್ದನ್ನು ನೆಲವೊಂದೇ ಬಲ್ಲದೆಂದು ತಿಳಿದಿದ್ದ ಆ ಮನುಷ್ಯನ ನಾಲಿಗೆಯ ಮೇಲೆ ಬೈಗುಳ ಕರಗಿ ಹಾರೈಕೆಯಾಯಿತು. "ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ, ಕಳ್ಳರಾ," ಎಂದಷ್ಟೇ ಅಂದು, ತೊಟ್ಟಿಯ ಮೇಲೆ ಕುಳಿತು ಬೂಟು ಮೆಟ್ಟಿದ.

ಮುಂದಿನ ಊರು ಒಂಬತ್ತು ಮೈಲಿ. ಕಿಲ್ಬ್ರೈಡ್ ಆಗಲೇ ಹಗ್ಗ ಎಳೆಯುತ್ತಿತ್ತು. ಸೇತುವೆ ದಾಟುವಾಗ ಫಿನ್ಲೇ, ಬೂಟು ಎಲ್ಲಾದರೂ ಕಚ್ಚುವುದೇನೋ ಎಂದು ಆಸೆಯಿಂದ ಕಾದು ನೋಡಿದ. ಎಲ್ಲೂ ಕಚ್ಚಲಿಲ್ಲ, ದೂರಲು ಅದೂ ಇಲ್ಲದಂತಾಯಿತು.