ದುಗ್ಧರಸಕ್ಕೊಬ್ಬ ಅಧಿಕಾರಿ

ಈ ಶರೀರದಲ್ಲಿ ಕೆಂಪು ರಕ್ತವನ್ನು ಎಲ್ಲರಿಗೂ ಗೊತ್ತಾಗುವಂತೆ ಹರಿಸಿ, ಅದರ ಪಕ್ಕದಲ್ಲೇ ಬಣ್ಣವಿಲ್ಲದ ಇನ್ನೊಂದು ರಸವನ್ನು ಸದ್ದಿಲ್ಲದೆ ಹರಿಯಲು ಬಿಟ್ಟ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಬುದ್ಧಿಯನ್ನು ಅವನೇ ಕೊಡಲಿ.

ನಮ್ಮ ನಕಲು ಪ್ರತಿ ಕಚೇರಿಯ ಕೌಂಟರುಗಳಲ್ಲಿ ಸಿಬ್ಬಂದಿಗೆ ಆಸನವಿರುವುದಿಲ್ಲ. ಕೂತ ಗುಮಾಸ್ತರನ್ನು ಕಂಡರೆ ಕೆಲಸ ತಡವಾಗುತ್ತದೆಂಬ ಭಾವನೆ ಜನರಲ್ಲಿ ಮೂಡುತ್ತದೆ. ನಿಂತ ಗುಮಾಸ್ತರನ್ನು ಕಂಡರೆ ಅಷ್ಟೇ ತಡವನ್ನು ಜನ ಗೌರವದಿಂದ ಸಹಿಸುತ್ತಾರೆ. ಇದು ಹನ್ನೊಂದನೇ ನಿಯಮ. ರವಾನೆ ವಿಭಾಗದ ನಾನು ಇಪ್ಪತ್ತಾರು ವರ್ಷದಿಂದ ಕೂತೇ ಕೆಲಸ ಮಾಡುತ್ತಿದ್ದೇನೆ. ನಿಯಮ ಬರೆಯುವಾಗ ರವಾನೆಯ ಹೆಸರು ಬಿಟ್ಟುಹೋಯಿತು. ಅದೂ ಅವನ ಕೃಪೆ.

ಏಳನೇ ಕೌಂಟರಿನಲ್ಲಿರುವವರನ್ನು ಇಡೀ ಕಚೇರಿ ಅಕ್ಕ ಎನ್ನುತ್ತದೆ. ಎರಡನೇ ಹೆರಿಗೆಯ ನಂತರ ಅಕ್ಕನ ಕಾಲುಗಳು ದಪ್ಪಗಾಗತೊಡಗಿದವು. ಪಾದ ಮೊದಲಿನಂತೆ ಪುಟ್ಟದು, ಕಣಕಾಲಿನಿಂದ ಮೇಲೆ ಕಂಬ. ಮೇಜಿನ ಅಂಚು ತಾಗಿದರೂ ನೀಲಿಗಟ್ಟುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಗಿದುಕೊಂಡು, ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತದೆ. ಅಕ್ಕ ಒಂದು ಸ್ಟೂಲು ಕೇಳಿ ಅರ್ಜಿ ಹಾಕಿದರು.

ನಮ್ಮ ಅಧೀಕ್ಷಕರು ಮೃದು ಸ್ವಭಾವದವರು. ಅರ್ಜಿಯನ್ನು ಎರಡು ಸಲ ಓದಿದರು.

"ಊತಾನೋ ಕೊಬ್ಬೋ, ಒಂದು ಹೇಳಮ್ಮ. ಊತ ಆದ್ರೆ ರಜೆ ಹಾಕಿ. ಕೊಬ್ಬಾದ್ರೆ ಕರಗ್ಸಿ. ಸ್ಟೂಲು ಎರಡಕ್ಕೂ ಬರಲ್ಲ."

"ಎರಡೂ ಇದ್ದಂಗಿದೆ ಸಾರ್. ಸ್ವಲ್ಪ ಹೊತ್ತು ಕೂತ್ರೆ ಹಗುರಾಗತ್ತೆ."

"ಎರಡೂ ಇದ್ರೆ ಮೊದಲು ಕೊಬ್ಬು. ಅದು ನಿಮ್ಮ ಕೈಯಲ್ಲೇ ಇದೆ."

ಅರ್ಜಿ ಕಚೇರಿಯ ಕ್ಷೇಮ ಸಮಿತಿಗೆ ಹೋಯಿತು. ಸಮಿತಿಯ ಆದೇಶದಂತೆ ಅಕ್ಕ ನಾಲ್ಕು ತಿಂಗಳು ಅರ್ಧ ಊಟ ಮಾಡಿದರು. ಕೆನ್ನೆ ಒಳಗೆ ಹೋಯಿತು, ಕೊರಳ ಮೂಳೆ ಕಂಡಿತು, ಕೈಗಡಿಯಾರ ಮೊಣಕೈ ಕಡೆಗೆ ಜಾರತೊಡಗಿತು. ಕಾಲುಗಳು ಒಂದು ನೂಲಿನಷ್ಟೂ ಇಳಿಯಲಿಲ್ಲ. ಸಮಿತಿಗೆ ಸುಮ್ಮನಿರಲಾಗಲಿಲ್ಲ, ನೋಟಿಸ್ ಹೊರಡಿಸಿತು:

"ಸದರಿ ನೌಕರರ ದೇಹದ ಉಳಿದ ಭಾಗಗಳು ಆದೇಶವನ್ನು ಪಾಲಿಸಿದ್ದು, ಕಾಲುಗಳು ಮಾತ್ರ ಪಾಲಿಸಿರುವುದಿಲ್ಲ. ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದೆಂಬ ಬಗ್ಗೆ ಉಭಯ ಕಾಲುಗಳು ಏಳು ದಿನಗಳೊಳಗೆ ಪ್ರತ್ಯೇಕವಾಗಿ ವಿವರಣೆ ಸಲ್ಲಿಸತಕ್ಕದ್ದು."

ಎರಡು ಲಕೋಟೆಗಳನ್ನೂ ನಾನೇ ಅಂಟಿಸಿ ಕಳಿಸಿದೆ. ಎಂಟನೇ ಕೌಂಟರಿನವಳು ಇಣುಕಿ ನೋಡಿ, "ಎಡಗಾಲಿಗೆ ಹೇಳಕ್ಕ, ಬಲಗಾಲಿಂದು ನೋಡ್ಕೊಂಡು ಬರೀಬೇಡ ಅಂತ" ಎಂದಳು.

ವಿವರಣೆಯ ಸಲುವಾಗಿ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಬರಬೇಕಾಯಿತು. ಅವರು ಅಕ್ಕನ ಕಾಲು ಒತ್ತಿ ನೋಡಿ, "ನಿಮ್ಮಮ್ಮನಿಗೂ ಹೀಗೇ ಇತ್ತಾ?" ಎಂದು ಕೇಳಿದರು.

"ಇತ್ತು. ಅಜ್ಜಿಗೂ ಇತ್ತು. ಮನೆತನದ ಆಸ್ತಿ ಅಂತ ಇದೊಂದೇ ನಂಗೆ ಬಂದಿರೋದು."

ಡಾಕ್ಟರಮ್ಮ ಅಧೀಕ್ಷಕರ ಕಡೆ ತಿರುಗಿದರು. "ಇದು ತಿಂದು ಬಂದಿದ್ದಲ್ಲ ಸಾರ್. ಕೆಲವು ಹೆಂಗಸರಿಗೆ ಕಾಲಲ್ಲಿ ಸೇರ್ಕೊಳ್ಳೋ ಈ ಥರದ ಕೊಬ್ಬು ಊಟ ಬಿಟ್ರೂ ಜಗ್ಗಲ್ಲ. ಇವರಿಗೆ ಅದರ ಜೊತೆ ದುಗ್ಧರಸ ಬೇರೆ ಕಟ್ಕೊಂಡಿದೆ. ರಕ್ತ ತಳ್ಳೋಕೆ ಹೃದಯ ಇದೆ. ಈ ರಸಕ್ಕೆ ಹಾಗೆ ಒಂದು ಹೃದಯ ಇಲ್ಲ. ಕಾಲು ಆಡಿಸಿದ್ರೆ ಮೇಲಕ್ಕೆ ಹೋಗತ್ತೆ, ಒಂದೇ ಕಡೆ ನಿಂತ್ರೆ ಕೆಳಗೇ ಉಳಿಯತ್ತೆ. ಬಿಗಿ ಕಾಲುಚೀಲ ಹಾಕ್ಕೊಳ್ಳಲಿ, ಆಗಾಗ ನಡೀಲಿ, ಕೂತು ಕಾಲು ಮೇಲಿಡಲಿ. ಇಲ್ಲಾಂದ್ರೆ ಇನ್ನೆರಡು ವರ್ಷಕ್ಕೆ ಇವರು ಮನೆ ಮೆಟ್ಟಿಲು ಹತ್ತೋದೂ ಕಷ್ಟ."

ಅಧೀಕ್ಷಕರ ಮುಖ ಗಂಭೀರವಾಯಿತು. "ಹೃದಯ ಇಲ್ಲ ಅಂದ್ರೆ ಅದರ ಮುಖ್ಯಸ್ಥರು ಯಾರು?"

"ಯಾರೂ ಇಲ್ಲ."

"ಪ್ರಭಾರದಲ್ಲಾದ್ರೂ?"

"ಇಲ್ಲ ಸಾರ್."

"ಮೈ ತುಂಬ ಓಡಾಡೋದಕ್ಕೆ ಹೇಳೋರು ಕೇಳೋರು ಬೇಡ್ವಾ ಡಾಕ್ಟರೇ? ಅದಕ್ಕೇ ಹೀಗಾಗಿದೆ."

ಕಾಲುಗಳು ತಮ್ಮ ವಿವರಣೆಯಲ್ಲಿ ದುಗ್ಧರಸವನ್ನು ದೂರಿದ್ದರಿಂದ, ನ್ಯಾಯದ ದೃಷ್ಟಿಯಿಂದ ದುಗ್ಧರಸಕ್ಕೂ ನೋಟಿಸ್ ಹೋಗಬೇಕಿತ್ತು. ಮುಖ್ಯಸ್ಥರಿಲ್ಲದ ಶಾಖೆಗೆ ಪತ್ರ ಕಳಿಸಲು ರವಾನೆ ವಿಭಾಗಕ್ಕೆ ಅವಕಾಶವಿಲ್ಲ ಎಂದು ನಾನು ವಿನಯದಿಂದ ಬರೆದು ಹಿಂತಿರುಗಿಸಿದೆ. ಹೀಗಾಗಿ ದುಗ್ಧರಸ ಪ್ರಭಾರಾಧಿಕಾರಿ ಎಂಬ ಹೊಸ ಹುದ್ದೆ ಸೃಷ್ಟಿಯಾಯಿತು. ಅರ್ಹತೆಯ ಕಲಮನ್ನು ಅಧೀಕ್ಷಕರು ಸ್ವತಃ ಬರೆದರು: "ಅಭ್ಯರ್ಥಿಯು ದುಗ್ಧರಸದಂತೆಯೇ ಸ್ವಂತ ಒತ್ತಡವಿಲ್ಲದವರೂ, ಇತರರು ಅಲುಗಾಡಿಸಿದಾಗ ಮಾತ್ರ ಚಲಿಸುವವರೂ ಆಗಿರತಕ್ಕದ್ದು."

ಅಧೀಕ್ಷಕರ ಭಾಮೈದ ಒಂಬತ್ತು ವರ್ಷದಿಂದ ಅವರ ಮನೆಯಲ್ಲೇ ಇದ್ದರು. ಅವರಷ್ಟು ಅರ್ಹರು ಮತ್ತೊಬ್ಬರು ಸಿಗಲಿಲ್ಲ. ಯಾರಿಗೆ ಯಾವ ಕೆಲಸ ಎಂದು ಭಗವಂತ ಮೊದಲೇ ಬರೆದಿಟ್ಟಿರುತ್ತಾನೆ.

ಭಾಮೈದ ಕೆಲಸಕ್ಕೆ ಸೇರಿದ ದಿನವೇ ಮೊದಲ ಸಹಿ ಹಾಕಿದ್ದು ಸ್ಟೂಲಿಗೆ. ಹದಿನಾಲ್ಕು ತಿಂಗಳು ನಿಂತಿದ್ದ ಕಡತ ಒಂದೇ ಮಧ್ಯಾಹ್ನ ಕದಲಿತು. ಸ್ಟೂಲು ಬಂದಾಗ ಅಕ್ಕನ ಕಣ್ಣು ತುಂಬಿತು. ಮೆತ್ತೆ ಹೊದಿಸಿದ ಸ್ಟೂಲು. ಕಾಲಿಡಲು ಒಂದು ಮಣೆಯೂ ಜೊತೆಗಿತ್ತು. ಸೆರಗಿನಿಂದ ಧೂಳು ಒರೆಸಿ ಇನ್ನೇನು ಕೂರಬೇಕು, ಅಧೀಕ್ಷಕರು ಕೈ ಅಡ್ಡ ಮಾಡಿದರು.

"ಆದೇಶ ಓದಿದ್ರಾಮ್ಮ? ಏಳನೇ ಕೌಂಟರಿನ ದುಗ್ಧರಸದ ಉಪಯೋಗಕ್ಕಾಗಿ ಅಂತಿದೆ. ನಿಮ್ಮ ಉಪಯೋಗಕ್ಕೆ ಅಂತಿಲ್ಲ."

"ರಸ ನನ್ನ ಕಾಲಲ್ಲೇ ಇರೋದಲ್ವಾ ಸಾರ್?"

"ಇರೋದು ನಿಮ್ಮ ಹತ್ರ. ಪ್ರತಿನಿಧಿಸೋದು ಇವರು."

ಭಾಮೈದ ಕೂತರು. ವೈದ್ಯರ ಸಲಹೆಯಂತೆ ಕಾಲುಗಳನ್ನು ಮಣೆಯ ಮೇಲಿಟ್ಟರು. ಬಿಗಿ ಕಾಲುಚೀಲವೂ ಅವರ ಅಳತೆಗೇ ಬಂತು. ಅಕ್ಕ ಅವರ ಪಕ್ಕದಲ್ಲಿ ನಿಂತು ನಕಲುಗಳಿಗೆ ಮೊಹರು ಒತ್ತುತ್ತಾ ಹೋದರು. ಗಂಟೆಗೊಮ್ಮೆ ಭಾಮೈದ, "ಮೇಲಕ್ಕೆ ಹೋಯ್ತಾ?" ಎಂದು ಕೇಳುವರು. "ಇಲ್ಲಪ್ಪ" ಎನ್ನುವರು ಅಕ್ಕ. "ಹೋಗತ್ತೆ, ಹೋಗತ್ತೆ" ಎಂದು ಅವರು ಬರೆದುಕೊಳ್ಳುವರು.

ಆರು ತಿಂಗಳಿಗೆ ಅಳತೆ ನಡೆಯಿತು. ಪ್ರತಿನಿಧಿಯ ಕಾಲನ್ನೇ ಅಳೆಯಬೇಕೆಂಬುದು ಕ್ರಮ. "ಏಳನೇ ಕೌಂಟರಿನಲ್ಲಿ ಊತ ಕಂಡುಬಂದಿಲ್ಲ" ಎಂದು ದಾಖಲಾಯಿತು. ಸಾಕ್ಷಿಯಾಗಿ ಅಕ್ಕ ಸಹಿ ಹಾಕಿದರು. ಗೋಡೆ ಹಿಡಿದು ನಿಂತಿದ್ದರಿಂದ ಸಹಿ ಸ್ವಲ್ಪ ಓರೆಯಾಗಿದೆ. ಉಳಿದ ಹನ್ನೊಂದು ಕೌಂಟರಿನವರೂ ತಮಗೊಬ್ಬೊಬ್ಬ ಅಧಿಕಾರಿ ಬೇಕೆಂದು ಈಗ ಅರ್ಜಿ ಕೊಟ್ಟಿದ್ದಾರೆ. ಅಧೀಕ್ಷಕರ ಬೀಗರ ಕಡೆ ಇನ್ನೂ ಅರ್ಹರಿದ್ದಾರಂತೆ.

ಮೊನ್ನೆ ಡಾಕ್ಟರಮ್ಮ ನಕಲೊಂದಕ್ಕೆ ಸಾಲಿನಲ್ಲಿ ಬಂದು ಅಕ್ಕನನ್ನು ಗುರುತು ಹಿಡಿದರು.

"ಸ್ಟೂಲು ಬಂತಾ?"

"ಬಂತು ಡಾಕ್ಟರೇ."

"ದಿನಾ ಕೂತ್ಕೋತೀರಾ?"

"ಕೂತ್ಕೋತಾರೆ" ಎಂದರು ಅಕ್ಕ, ಮೊಹರು ಒತ್ತಿ.

ಇದನ್ನು ನಿಂತು ಕೇಳಿದವರಿಗೆ ಬೇಗನೆ ಒಂದು ಆಸನ ದೊರಕಲಿ. ಕೂತು ಕೇಳಿದವರಿಗೆ ಪಕ್ಕದಲ್ಲಿ ನಿಂತವರು ಕಾಣಲಿ. ಎಲ್ಲರ ಮೈಯೊಳಗಿನ ಎಲ್ಲ ರಸಗಳೂ ತಂತಮ್ಮ ದಾರಿಯಲ್ಲಿ ಹರಿಯುತ್ತಿರಲಿ. ಭಗವಂತ ಎಲ್ಲರನ್ನೂ ಕಾಯಲಿ.