ಹೊನ್ನೇಶನ ಬಲಮೊಣಕಾಲಿನವರಿಗೆ ಸವಿನಯ ತಕರಾರು

…ಇಲ್ಲ, ಇದೂ ಸರಿಹೋಗಲಿಲ್ಲ, ಕ್ಷಮಿಸಬೇಕು, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಇದು ನಾಲ್ಕನೆಯ ಧ್ವನಿ ಸಂದೇಶ. ಮೊದಲನೆಯದರಲ್ಲಿ ಸಿಟ್ಟು ಬಂದು ತಮ್ಮನ್ನು ಏಕವಚನದಲ್ಲಿ ಕರೆದುಬಿಟ್ಟೆ, ಎರಡನೆಯದರಲ್ಲಿ ಮೈಕಿನವರು ನಡುವೆ ಹಾಡು ಹಚ್ಚಿದರು, ಮೂರನೆಯದು ಪೂರಾ ನನ್ನ ಕೆಮ್ಮು. ಇದನ್ನೆಲ್ಲ ಕೇಳಿಸಿಕೊಂಡು ಟೈಪ್ ಮಾಡಿ ನಮ್ಮ ತಂಡದ ಗ್ರೂಪಿಗೆ ಹಾಕುವವಳು ನನ್ನ ಮಗಳು ನಿಶಾತ. ಬೇಟಾ ನಿಶಾತ, ಹಿಂದಿನ ಮೂರನ್ನೂ ಅಳಿಸಿಬಿಡು, ಇಲ್ಲಿಂದ ಬರೆ.

ಮಾನ್ಯರೇ,

ಡಂಬಳದ ಹೊನ್ನೇಶನ ಬಲಗಡೆಯ ಮೊಣಕಾಲಿನವರಾದ ತಮ್ಮ ಸನ್ನಿಧಿಗೆ, ಅದೇ ಊರಿನ ಕಬಡ್ಡಿ ತಂಡದ ತರಬೇತುದಾರನೂ, ಕಸುಬಿನಿಂದ ಗಾದಿ ಹೊಲಿಯುವವನೂ ಆದ ಬುಡ್ಡೇಸಾಬನ ಸಲಾಮುಗಳು. ತಾವು ಕ್ಷೇಮವೇ? ತಮ್ಮ ಬಾವು ಪೂರ್ತಿ ಇಳಿಯಿತೇ? ತಮ್ಮ ಚಿಪ್ಪಿನವರು, ನರದವರು, ಹಿಂಭಾಗದ ಸಂದಿಯವರು ಎಲ್ಲರೂ ಸೌಖ್ಯವೆಂದು ಭಾವಿಸುತ್ತೇನೆ. ನಾವು ಮಾತ್ರ ಸೌಖ್ಯವಾಗಿಲ್ಲ.

ಸದ್ಯ ನಾನು ಶಿರಹಟ್ಟಿಯ ಮೈದಾನದ ಅಂಚಿಗೆ, ಬೇವಿನ ಗಿಡದ ನೆರಳಿಗೆ ನಿಂತು ಮೊಬೈಲಿಗೆ ಮಾತನಾಡುತ್ತಿದ್ದೇನೆ. ಅರವತ್ತು ಕಿಲೋ ಒಳಗಿನವರ ಪಂದ್ಯಾವಳಿಯ ಫೈನಲ್ಲು ಇನ್ನರ್ಧ ತಾಸಿಗೆ ಶುರುವಾಗುತ್ತದೆ. ಎದುರಿಗೆ ಲಕ್ಷ್ಮೇಶ್ವರದವರು. ಡಂಬಳದ ತಂಡ ಹನ್ನೊಂದು ವರ್ಷ ಆಡಿ, ಹತ್ತು ವರ್ಷ ಊಟಕ್ಕೆ ಮೊದಲೇ ಮನೆಗೆ ಮರಳಿ, ಇದೇ ಮೊದಲ ಸಲ ಸಂಜೆಯ ಆಟಕ್ಕೆ ಉಳಿದಿದೆ. ಅಂಪೈರ್ ಗೋಣೆಪ್ಪನವರು ಆಡುವ ಏಳು ಜನರ ಹೆಸರು ಕೇಳಿದ್ದಾರೆ. ಆರು ಬರೆದಿದ್ದೇನೆ. ಏಳನೆಯದಕ್ಕೆ ಪೆನ್ನು ಏಳುತ್ತಿಲ್ಲ, ಮತ್ತು ಅದಕ್ಕೆ ನೇರ ಹೊಣೆ ತಾವು ಎಂದು ವಿಷಾದದಿಂದ ತಿಳಿಸಬೇಕಾಗಿದೆ.

ತಮ್ಮ ಸೇವೆಯನ್ನು ನಾನು ಮರೆತಿದ್ದೇನೆಂದು ದಯವಿಟ್ಟು ತಿಳಿಯಬಾರದು. ಎದುರಾಳಿಯ ಅಂಕಣಕ್ಕೆ ಉಸಿರು ಕಟ್ಟಿ ನುಗ್ಗಿ, ಒಬ್ಬರನ್ನೋ ಇಬ್ಬರನ್ನೋ ಮುಟ್ಟಿ, ಗೆರೆ ದಾಟಿ ಹಿಂದಿರುಗುವ ಕೆಲಸಕ್ಕೆ ರೇಡ್ ಎನ್ನುತ್ತಾರೆ. ಬೇರೆ ತಂಡಗಳಲ್ಲಿ ಅದಕ್ಕೆ ಮೂರು ಜನ ಇರುತ್ತಾರೆ, ನಮ್ಮಲ್ಲಿ ಐದು ವರ್ಷದಿಂದ ತಾವೊಬ್ಬರೇ ಇದ್ದಿರಿ. ಹೊನ್ನೇಶ ಬೆನ್ನು ತಿರುಗಿಸಿ ಓಡುವವನಂತೆ ನಟಿಸಿ ತಮ್ಮನ್ನು ಹಿಂದಕ್ಕೆ ಝಾಡಿಸಿದನೆಂದರೆ, ಮುಂಡರಗಿಯಿಂದ ಬೆಟಗೇರಿಯವರೆಗೆ ಎಂಥ ಗಟ್ಟಿ ಆಳಾದರೂ ಮೊದಲು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಉಳಿದ ಆರು ಜನ ಏನು ಮಾಡುತ್ತಿದ್ದರೆಂದು ತಾವು ಕೇಳಬಹುದು. ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟುತ್ತಿದ್ದೆ. ತರಬೇತಿ ಎಂದರೆ ಅದೇ ಎಂದು ತಿಳಿದಿದ್ದೆ.

ಇಂಥ ತಾವು ಮೂರು ಭಾನುವಾರಗಳ ಹಿಂದೆ, ಸೆಮಿಫೈನಲ್ಲಿನಲ್ಲಿ, ನಾವು ಒಂಬತ್ತು ಅಂಕ ಮುಂದಿದ್ದು ಆಟ ಎರಡೇ ನಿಮಿಷ ಉಳಿದಿದ್ದಾಗ, ಯಾರೂ ಹಿಡಿಯದೆ, ಯಾರೂ ತಳ್ಳದೆ, ಬರಿಯ ನೆಲದ ಮೇಲೆ ತಿರುಗಿಬಿಟ್ಟಿರಿ. ನಾಲ್ಕು ಜನ ಜೋತುಬಿದ್ದಾಗ ಬಾಗದ ತಾವು ಗಾಳಿಗೆ ಬಾಗಿದಿರಿ. ಮುನ್ಸೂಚನೆಯಿಲ್ಲ, ರಜೆ ಅರ್ಜಿಯಿಲ್ಲ, ಬದಲಿಯವರ ಏರ್ಪಾಡಿಲ್ಲ. ಇದು ಯಾವ ಸೀಮೆಯ ಸೇವಾ ನಿಯಮ?

ಆಮೇಲೆ ತಮಗಾದ ಉಪಚಾರವನ್ನು ಒಮ್ಮೆ ನೆನೆಯಬೇಕು. ಗದಗಿನ ಡಾಕ್ಟರು ತಮ್ಮ ಫೋಟೋ ತೆಗೆಸಿ, ಆರು ವಾರ ಆಟದ ಹೆಸರು ಎತ್ತಬಾರದು, ಇನ್ನೊಂದು ಸಲ ತಿರುಗಿದರೆ ಕೊಯ್ಯಬೇಕಾಗುತ್ತದೆ, ಆಮೇಲೆ ಕರೆಂಟಿನ ಕಂಬ ಹತ್ತುವ ಕೆಲಸವನ್ನೂ ಈ ಹುಡುಗ ಮರೆಯಬೇಕಾಗುತ್ತದೆ ಎಂದರು. ಹೊನ್ನೇಶನ ಹೊಟ್ಟೆಪಾಡು ಕಂಬದ ಮೇಲೆಯೇ ಇರುವುದರಿಂದ ಅವನ ತಾಯಿ ಅಮೃತವ್ವ ಅಲ್ಲಿಯೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಸ್ಸಿಳಿದವಳೇ ಒಲೆ ಹಚ್ಚಿದಳು. ನಮ್ಮ ಕಡೆ ಎಲುಬು ಕೂಡಬೇಕಾದರೆ ಅಂಟಿನುಂಡಿ ಕಟ್ಟುತ್ತಾರೆಂಬುದು ತಮಗೆ ಗೊತ್ತೇ ಇದೆ: ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ. ಬಾಣಂತಿಗೆ ದಿನಕ್ಕೊಂದು ಕೊಡುವುದು ವಾಡಿಕೆ. ತಮಗೆ ದಿನಕ್ಕೆ ನಾಲ್ಕು. ಇದನ್ನು ಕೇಳಿ ನನ್ನ ಹೆಂಡತಿ ಮೋತಿಬಿ ಸುಮ್ಮನಿರುತ್ತಾಳೆಯೇ? ಕಾಲಿಗೆ ಕಾಲೇ ಮದ್ದೆಂದು ಕುರಿಕಾಲಿನ ಸಾರು ಕಾಸಿ ದಿನಾ ಬೆಳಿಗ್ಗೆ ಡಬ್ಬಿ ಕಳಿಸಿದಳು. ಅದರ ಮೇಲೆ ಓಣಿಯವರು. ತತ್ತಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ತಮ್ಮ ನೆಪದಲ್ಲಿ ಇಡೀ ಡಂಬಳ ಹೊನ್ನೇಶನನ್ನು ಮದುಮಗನಂತೆ ಮೇಯಿಸಿತು. ನಾನೂ ಎರಡು ಹೊಸ ಗಾದಿ ಒಟ್ಟಿ, ಅದರ ಮೇಲೆ ತಮ್ಮನ್ನು ಕೂರಿಸಿದೆ. ಆ ಗಾದಿ ಬೇರೆಯವರ ಮದುವೆಯದು; ಅವರು ಈಗಲೂ ಕೇಳುತ್ತಿದ್ದಾರೆ.

ಇತ್ತ ತಂಡದ ಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಅಭ್ಯಾಸದ ಆಟಗಳಲ್ಲಿ ತಮ್ಮ ಜಾಗಕ್ಕೆ ಮೊದಲ ವಾರ ಅಝೀಮನನ್ನು ಕಳಿಸಿದೆ; ಅವನಿಗೆ ಉಸಿರು ಬೇಕಾದಷ್ಟಿದೆ, ಕಾಲು ಮಾತ್ರ ಮಾತು ಕೇಳುವುದಿಲ್ಲ. ನಂತರ ಅವನ ತಮ್ಮನನ್ನು ಕಳಿಸಿದೆ; ಅವನ ಕಾಲು ಜಿಂಕೆ, ಉಸಿರು ಹಳೆಯ ಸೈಕಲ್ ಟ್ಯೂಬು. ಕಡೆಗೆ, ಬದಲಿಯವನಾಗಿ ಹೊರಗೆ ಕೂರುತ್ತಿದ್ದ ಆಸೀಮ. ಅವನು ಹುಟ್ಟಾ ಹಿಡಿಯುವ ಆಟಗಾರ, ಮೂಲೆಯಲ್ಲಿ ನಿಂತು ಎದುರಾಳಿಯ ಕಾಲಿನ ಹರಡಿಗೆ ಕೈ ಹಾಕಿದನೆಂದರೆ ಬಿಡುವವನಲ್ಲ, ಆದರೆ ರೇಡಿಗೆ ಕಳಿಸಿದರೆ ಹೊಸ ಬೀಗರ ಮನೆಗೆ ಹೋದವನಂತೆ ಹೊಸ್ತಿಲಲ್ಲೇ ನಿಂತು, ಎಲ್ಲರೂ ಆರಾಮೋ ಎಂದು ವಿಚಾರಿಸಿದವನಂತೆ ಮುಖ ಮಾಡಿ, ಒಂದು ಹನಿ ನೀರೂ ಮುಟ್ಟದೆ ಹಿಂದಿರುಗುತ್ತಿದ್ದ. ಅಂಕಣದ ಬದಿಗೆ ತಂದು ಹಾಸಿದ ಗಾದಿಯ ಮೇಲೆ ತಮ್ಮನ್ನು ಚಾಚಿಕೊಂಡು ಕುಳಿತ ಹೊನ್ನೇಶ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ತಡೆಯಲಾರದೆ ಕೂಗಿದ: “ಲೇ ಆಸೀಮ, ನನ್ನಂಗ ಆಡಾಕ ಹೋಗಬ್ಯಾಡಲೇ! ನೀ ಹಿಡಿಯಾಂವ ಅದಿ. ಹಿಡಿಯಾವ್ರು ಎಲ್ಲಿ ಕೈ ಹಾಕ್ತಾರಂತ ನಿನಗ ಗೊತ್ತಿಲ್ಲೇನು? ಅಲ್ಲಿ ಕಾಲ ಇಡಬ್ಯಾಡ, ಅಷ್ಟ.”

ಮಾನ್ಯರೇ, ಐದು ವರ್ಷದಲ್ಲಿ ನಾನು ಹೇಳಿಕೊಡದ್ದನ್ನು ಕುಂಟನೊಬ್ಬ ಕುಳಿತಲ್ಲಿಂದ ಒಂದು ಮಾತಿನಲ್ಲಿ ಹೇಳಿಕೊಟ್ಟ. ಅಂದಿನಿಂದ ಆಸೀಮ ಒಂದೊಂದೇ ಅಂಕ ತರುತ್ತಾನೆ. ತಮ್ಮಂತೆ ಮೂವರನ್ನು ಉರುಳಿಸಿ ಬರುವುದಿಲ್ಲ, ಜನ ಸಿಳ್ಳೆ ಹಾಕುವುದಿಲ್ಲ, ಬೆಕ್ಕು ಹಾಲು ಕುಡಿದಂತೆ ಸದ್ದಿಲ್ಲದೆ ಹೋಗಿ ಬರುತ್ತಾನೆ. ಉಳಿದವರೂ ಚಪ್ಪಾಳೆ ನಿಲ್ಲಿಸಿ ಕೈಗೆ ಕೈ ಸರಪಳಿ ಹಿಡಿದು ನಿಲ್ಲುವುದನ್ನು ಕಲಿತಿದ್ದಾರೆ. ನಾವು ಹೆಚ್ಚು ಗಳಿಸುವುದಿಲ್ಲ, ಹೆಚ್ಚು ಕಳೆದುಕೊಳ್ಳುವುದೂ ಇಲ್ಲ. ಆದರೆ ಲಕ್ಷ್ಮೇಶ್ವರದವರ ಎದುರು ಇಷ್ಟು ಸಾಲುತ್ತದೆಯೇ? ನನಗೆ ನಂಬಿಕೆಯಿಲ್ಲ. ಊರಿಗೂ ಇಲ್ಲ. ಎರಡು ಟ್ರ್ಯಾಕ್ಸು, ಒಂದು ಟಂಟಂ ತುಂಬ ಬಂದಿರುವ ನಮ್ಮ ಜನ ಬೆಳಗಿನಿಂದ ಕೇಳುವುದು ಒಂದೇ: “ಹೊನ್ನೇಶ ಇಳೀತಾನೋ ಇಲ್ಲೋ?”

ಈಗ ಬೆಳಗಿನ ಸಂಗತಿಗೆ ಬರುತ್ತೇನೆ. ಹೊನ್ನೇಶ ನನಗೆ ಹೇಳದೆ ಚಡ್ಡಿ ಹಾಕಿಕೊಂಡು ಬಂದು ತೂಕದ ಕಾಟಾದ ಮೇಲೆ ನಿಂತ. ಐದು ವರ್ಷ ಐವತ್ತೊಂಬತ್ತನ್ನು ದಾಟದವನು ಅರವತ್ತಮೂರೂವರೆ ತೂಗಿದ. ಇಡೀ ಊರಿನ ಪ್ರೀತಿ ನಾಲ್ಕೂವರೆ ಕಿಲೋ ಆಗಿ ಅವನ ಸೊಂಟದಲ್ಲಿ ಕೂತಿತ್ತು. ಅಮೃತವ್ವ ಮುಂದೆ ನುಗ್ಗಿ, “ನಿಮ್ಮ ಕಾಟಾದಾಗ ಮೆಣಸಿನಕಾಯಿ ತೂಗ್ರಿ, ನನ್ನ ಮಗನ್ನ ತೂಗಬ್ಯಾಡ್ರಿ! ಮೂರು ವಾರ ಮೂಲ್ಯಾಗ ಬಿದ್ದು ಸೊರಗಿ ಎಳಿ ಆಗ್ಯಾನ” ಎಂದಳು. ಗೋಣೆಪ್ಪನವರು ಕನ್ನಡಕ ಏರಿಸಿ ಅಂಕಿ ನೋಡಿ, “ಯವ್ವಾ, ಸೊರಗಿ ಇಷ್ಟ ಆಗ್ಯಾನ, ಸೊರಗದಿದ್ರ ನನ್ನ ಕಾಟಾ ಮುರೀತಿತ್ತು” ಎಂದರು. ತೂಕ ಇಳಿಸಲು ಒಂದು ತಾಸು ಕೊಟ್ಟರು. ರಜಾಯಿ ಸುತ್ತಿ ಬಿಸಿಲಿಗೆ ಕೂರಿಸಿದೆವು, ತಲೆ ಬೋಳಿಸಿದೆವು, ಉಗುಳಲು ಹೇಳಿದೆವು. ಅರ್ಧ ಕಿಲೋ ಇಳಿಯಿತು. ನಾನು ಮೂವತ್ತು ವರ್ಷದಿಂದ ಹತ್ತಿ ಬಡಿಯುವವನು. ಬಡಿದಷ್ಟೂ ಹತ್ತಿ ಉಬ್ಬುತ್ತದೆ, ತೂಕ ಇದ್ದಷ್ಟೇ ಇರುತ್ತದೆ. ಅದು ನನಗೆ ಮೊದಲೇ ತಿಳಿದಿತ್ತು, ಆದರೂ ಬಡಿದೆ.

ನಿಯಮದ ಪ್ರಕಾರ ಹೊನ್ನೇಶ ಹೊರಗೆ. ಆಗ ನನ್ನ ಎದೆ ಭಾರವಾಗಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಗುರಾಯಿತು. ನಾನು ಹೇಳಬೇಕಾಗಿದ್ದ ‘ಬೇಡ’ವನ್ನು ಕಾಟಾ ಹೇಳಿಬಿಟ್ಟಿತ್ತು.

ಆದರೆ ಲಕ್ಷ್ಮೇಶ್ವರದವರ ಸಜ್ಜನಿಕೆಯ ಮೇಲೂ ನನ್ನದೊಂದು ತಕರಾರಿದೆ. ಅವರ ನಾಯಕ ರಮೀಜ ಬಂದು ನನ್ನ ಕೈ ಹಿಡಿದು, “ಚಾಚಾ, ತೂಕ ಗೀಕ ಬಿಡ್ರಿ, ನಮ್ಮದೇನೂ ತಕರಾರಿಲ್ಲ. ಹೊನ್ನೇಶ ಇಲ್ದ ಗೆದ್ರ ನಮ್ಮೂರಾಗ ಯಾರೂ ನಮ್ಮನ್ನ ಚಹಾಕ್ಕ ಸೈತ ಕರಿಯೂದಿಲ್ರಿ” ಎಂದ. ಗೋಣೆಪ್ಪನವರೂ, “ಎರಡೂ ತಂಡದವ್ರು ಒಪ್ಪಿದ್ರ ನಂದೇನೈತಿ” ಎಂದರು. ಇಂಥ ದೊಡ್ಡ ಮನಸ್ಸನ್ನು ಬೇರೆ ದಿನ ತೋರಿಸಲು ಇವರಿಗೇನಾಗಿತ್ತು? ಎತ್ತಿ ಕೆಳಗಿಟ್ಟ ಭಾರ ಮತ್ತೆ ನನ್ನ ಹೆಗಲಿಗೇ ಬಂತು. ಹೊನ್ನೇಶ ಬೋಳು ತಲೆ ಒರೆಸಿಕೊಳ್ಳುತ್ತ ಬಂದು, “ಚಾಚಾ, ಒಂದ ರೇಡ್. ಕಡೀಗೆ ಒಂದ. ಇವತ್ತ ಕುಂತ್ರ ಕಾಯಂ ಕುಂತ ಬಿಡ್ತೀನಿ ಅನಸಾಕ ಹತ್ತೈತಿ ನನಗ” ಎಂದ. ಹೇಳುವಾಗ ತಮ್ಮ ಮೇಲೆ ಭಾರ ಹಾಕದೆ ಎಡಗಾಲಿನ ಮೇಲೆ ನಿಂತಿದ್ದ. ಅವನಿಗೆ ಅದು ಗೊತ್ತಿರಲಿಲ್ಲ.

ಆದುದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣ ಬೇಡಿಕೆಗಳು. ತಾವು ನಲವತ್ತು ನಿಮಿಷದ ಮಟ್ಟಿಗೆ ಹೊನ್ನೇಶನಿಂದ ಬಿಚ್ಚಿಕೊಂಡು ಆಸೀಮನ ಕಾಲಿಗೆ ಬದಲಿಯಾಗಿ ಹೋಗಲು ಸಾಧ್ಯವೇ? ಆಗದಿದ್ದರೆ, ಇವತ್ತು ತಿರುಗುವುದಿಲ್ಲವೆಂದು ಗದಗಿನ ಡಾಕ್ಟರ ಎದುರು ಮುಚ್ಚಳಿಕೆ ಬರೆದುಕೊಡಬಹುದೇ? ಅದೂ ಆಗದಿದ್ದರೆ, ಮೂರು ಭಾನುವಾರ ಹಿಂದಕ್ಕೆ ಹೋಗಿ, ಆ ಎರಡು ನಿಮಿಷ ಉಳಿದಿದ್ದ ಹೊತ್ತಿಗೆ, ನನ್ನ ಬಾಯನ್ನು ಮುಚ್ಚಿಸಬಹುದೇ?

ಏಕೆಂದರೆ, ಬೇಟಾ ನಿಶಾತ, ಇದನ್ನೂ ಬರೆ, ಬಿಡಬೇಡ: ತಾವು ಮುನ್ಸೂಚನೆ ಕೊಡಲಿಲ್ಲವೆಂದು ಮೇಲೆ ಬರೆಸಿದ್ದು ಸುಳ್ಳು. ಅವತ್ತು ಆ ರೇಡಿಗೆ ಮೊದಲಿನ ಟೈಮ್‌ಔಟಿನಲ್ಲಿ ಹೊನ್ನೇಶ ಬಂದು, “ಚಾಚಾ, ಮಣಕಾಲ ಕಟ್ ಕಟ್ ಅನ್ನಾಕ ಹತ್ತೈತಿ” ಎಂದಿದ್ದ. ನಾವು ಗೆದ್ದೇ ಇದ್ದೆವು. ಆದರೂ ಲಕ್ಷ್ಮೇಶ್ವರದ ಹುಡುಗರು ಗೋಡೆಯ ಮೇಲೆ ಕೂತು ನೋಡುತ್ತಿದ್ದರು. ಅವರಿಗೊಮ್ಮೆ ತಮ್ಮ ಝಾಡಣೆ ತೋರಿಸಬೇಕೆಂದು ನಾನೇ, “ಅನ್ನಲಿ ಬಿಡಲೇ, ಹೋಗಿ ಬಾ” ಎಂದು ಬೆನ್ನು ತಟ್ಟಿ ಕಳಿಸಿದ್ದೆ. ತಾವು ಕೂಗಿ ಹೇಳಿದ್ದಿರಿ, ನಾನು ಚಪ್ಪಾಳೆ ತಟ್ಟುತ್ತಿದ್ದೆ. ಇದನ್ನು ಇಷ್ಟು ದಿನ ಅಮೃತವ್ವನಿಗೆ ಹೇಳಿಲ್ಲ. ಆಕೆ ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಬಂದು, “ಅಣ್ಣಾ, ನೀ ಹೂಂ ಅಂದ್ರ ನಂದೂ ಹೂಂ. ನಿನಗ ಗೊತ್ತಿರ್ತೈತಿ” ಎಂದು ಹೋಗಿ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೆಚ್ಚಿಗೆ ಬರೆಯಲು ತಾವು ಓದುವವರಲ್ಲ.

ಇಂತಿ, ಐದು ವರ್ಷ ತಮ್ಮ ಮೇಲೆ ಸವಾರಿ ಮಾಡಿ ನಡೆಯುವುದನ್ನೇ ಮರೆತ, ತಮ್ಮ ವಿಶ್ವಾಸಿ
ಬುಡ್ಡೇಸಾಬ, ಗಾದಿ ಅಂಗಡಿ, ಡಂಬಳ

ತಾ.ಕ.: ಈ ಪತ್ರದ ಪ್ರತಿಯನ್ನು ಹೊನ್ನೇಶನ ಎಡಮೊಣಕಾಲಿನವರಿಗೂ ಕಳಿಸಲಾಗಿದೆ. ಅವರು ತಾವು ಓಡಿದಷ್ಟೇ ಓಡಿದ್ದಾರೆ, ಈ ಮೂರು ವಾರ ತಮ್ಮ ಪಾಲಿನ ಭಾರವನ್ನೂ ಹೊತ್ತಿದ್ದಾರೆ, ಒಮ್ಮೆಯೂ ಬಾತುಕೊಂಡಿಲ್ಲ, ಒಬ್ಬರೂ ಅವರಿಗೆ ಒಂದು ಬೊಟ್ಟು ಎಣ್ಣೆ ಹಚ್ಚಿಲ್ಲ. ಪಕ್ಕದಲ್ಲೇ ಇರುವವರು. ಬಿಡುವಾದಾಗ ತಾವು ಅವರ ಪರಿಚಯ ಮಾಡಿಕೊಂಡರೆ… ಓ, ಮೈಕಿನಲ್ಲಿ ನನ್ನ ಹೆಸರೇ ಕೂಗುತ್ತಿದ್ದಾರೆ. ಬಂದ್ನಿ! ಗೋಣೆಪ್ಪನವರು ಇತ್ತಲೇ ಬಂದರು. ಹ್ಞಾಂ, ಬರಕೋರ್ರಿ ಯಜಮಾನ್ರ, ಏಳನೇದಾಂವ ಆಸೀಮ. … ಹೌದ್ರಿ, ಗೊತ್ತೈತ್ರಿ, ರಮೀಜ ಒಪ್ಯಾನ್ರಿ, ನೀವೂ ಒಪ್ಪೀರಿ. ನಾ ಒಪ್ಪಿಲ್ರಿ. … ಲೇ ಹೊನ್ನೇಶ, ಹಂಗ ನೋಡಬ್ಯಾಡೋ. ಬಾ ಇಲ್ಲಿ, ನನ್ನ ಬಾಜೂ ಕುಂಡ್ರು. ಆಸೀಮ ಹೊಂಟಾನ, ಏನ ಹೇಳೂದೈತಿ ಜಲ್ದಿ ಹೇಳು ಅವಗ. … ಆತು ನಿಶಾತ, ಇಡ್ತೀನಿ.